ಹೊಂಬಾಳವ್ವನ ಎಂಟು ದಿನ

ಬ್ಯಾಡಗಿ
ಗುರುವಾರ, ೧೬ ಫೆಬ್ರವರಿ ೧೯೮೯

ನನ್ನ ಮುದ್ದಿನ ಮಹಮೂದಾಳಿಗೆ ಅಮ್ಮೀಯ ಹೊಟ್ಟೆತುಂಬ ದುವಾ.

ಗಂಟಲು ಹೇಗಿದೆ? ಅರವತ್ತು ಮಕ್ಕಳ ತರಗತಿಯಲ್ಲಿ ಕೂಗಿ ಕೂಗಿ ದನಿ ಹೋಗಿದೆ ಎಂದು ಬರೆದಿದ್ದೆಯಲ್ಲ. ಹುಮನಾಬಾದಿನ ನೀರು ನಿನಗೆ ಒಗ್ಗುವುದಿಲ್ಲ ಎಂದು ನಾನು ಮೊದಲೇ ಹೇಳಿದ್ದೆ, ಯಾರು ಕೇಳುತ್ತಾರೆ ನನ್ನ ಮಾತು. ನೀರು ಕಾಯಿಸಿ ಕುಡಿ, ಜ್ಯೇಷ್ಠಮಧು ಬಾಯಲ್ಲಿಟ್ಟುಕೋ, ಸಂಜೆಯ ಟ್ಯೂಷನ್ನು ಒಂದು ವಾರ ಬಿಡು. ನಾವು ಇಲ್ಲಿ ಆರಾಮ. ನಿಮ್ಮ ಅಬ್ಬಾನ ಮೊಣಕಾಲು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಮೆಣಸಿನಕಾಯಿ ಸೀಜನ್ನು ಏರಿದೆ, ಊರಿಗೆ ಊರೇ ಸೀನುತ್ತಿದೆ. ನೀನು ಕಳಿಸಿದ ಕಸೂತಿ ದುಪ್ಪಟ್ಟಾ ಇನ್ನೂ ಪೆಟ್ಟಿಗೆಯಲ್ಲೇ ಇದೆ; ಈ ಧೂಳಿನಲ್ಲಿ ಹೊದ್ದರೆ ಅದು ದುಪ್ಪಟ್ಟಾ ಆಗಿ ಉಳಿಯುವುದಿಲ್ಲ. ಈದ್‌ಗೆ ಹೊದೆಯುತ್ತೇನೆ.

ನಿನ್ನ ಪತ್ರ ನಿನ್ನೆ ಬಂತು. ಓದಿದೆ, ಸಿಟ್ಟು ಬಂತು. ಮತ್ತೆ ಓದಿದೆ, ಇನ್ನೂ ಸಿಟ್ಟು ಬಂತು. ನಿನ್ನ 'ಗಾಳಿದುರ್ಗ' ಕಾದಂಬರಿಯ ಐದನೇ ಭಾಗ ಹೊರಬಂದ ಮೇಲೆ ಓದಿದವರಿಂದ ಇಪ್ಪತ್ತಾರು ಕಾರ್ಡು ಬಂದಿವೆ, ಅದರಲ್ಲಿ ಇಪ್ಪತ್ತು ಬೈಗುಳ ಎಂದು ಲೆಕ್ಕ ಹಾಕಿ ಬರೆದಿದ್ದೀ. ಬಾಗಿಲು ಕಾಯುವ ಮುದುಕಿ ಹೊಂಬಾಳವ್ವನನ್ನು ಯಾಕೆ ಸಾಯಿಸಿದಿರಿ ಎಂದು ಎಲ್ಲರದೂ ಒಂದೇ ರಾಗವಂತೆ. ಆದ್ದರಿಂದ ಆರನೇ ಭಾಗದ ಮೊದಲ ಅಧ್ಯಾಯದಲ್ಲೇ ಯಾವುದೋ ಬೇರು ತೇಯ್ದು ಕುಡಿಸಿ ಅವಳನ್ನು ಎಬ್ಬಿಸಿಬಿಡುತ್ತೀಯಂತೆ, ಈ ತಿಂಗಳ ಕೊನೆಗೆ ನಿನ್ನ ಪುಸ್ತಕ ಅಚ್ಚು ಹಾಕಿಸುವ ರಾಣೆಬೆನ್ನೂರಿನ ಪರಮೇಶಪ್ಪನವರಿಗೆ ಹಸ್ತಪ್ರತಿ ಕಳಿಸುತ್ತೀಯಂತೆ, ಅಲ್ಲಿಗೆ ನಿನ್ನ ಬರವಣಿಗೆ ಮುಗಿಯಿತಂತೆ. ಇಷ್ಟಕ್ಕೆಲ್ಲ ಕೊನೆಯ ಕಡ್ಡಿ ಗೀರಿದ್ದು ನಮ್ಮ ಬ್ಯಾಡಗಿಯಿಂದಲೇ ಬಂದ ಒಂದು ಕಾರ್ಡು. ಏಳು ಹೆಬ್ಬೆಟ್ಟು, ಮೇಲೆ 'ಹೊಂಬಾಳವ್ವನ್ನ ಉಳಿಸಿದ್ದಕ್ಕ ನಿನ್ನ ಹೊಟ್ಟಿ ತಣ್ಣಗಿರ್ಲಿ ಮಗಳ' ಎಂಬ ಒಂದು ಸಾಲು. ಹುಟ್ಟಿದ ಊರಿನವರೇ ಹೀಗೆ ಗೇಲಿ ಮಾಡಿದರಲ್ಲ ಎಂದು ನೀನು ಅತ್ತುಬಿಟ್ಟೆಯಂತೆ. ಅದು ಗೇಲಿಯಲ್ಲ ಮಗಳೇ. ಆ ಕಾರ್ಡಿನ ಹಿಂದಿರುವ ತಪ್ಪು ನನ್ನದು. ಹೇಳುತ್ತೇನೆ, ತಾಳು. ತಪ್ಪು ಒಪ್ಪಿಕೊಳ್ಳುವುದೆಂದರೆ ನನಗೆ ಹಲ್ಲು ಕೀಳಿಸಿಕೊಂಡ ಹಾಗೆ. ಮೊದಲು ಬೇರೆ ಸುದ್ದಿ ಕೇಳು.

ಹೋದ ತಿಂಗಳು ಪ್ಯಾಸೆಂಜರ್ ಗಾಡಿ ಹತ್ತಿ ರಾಣೆಬೆನ್ನೂರಿಗೆ ಹೋಗಿದ್ದೆ. ಪರಮೇಶಪ್ಪನವರ ಬಾಡಿಗೆ ಲೈಬ್ರರಿಯಲ್ಲಿ ನಿನ್ನ ಐದನೇ ಭಾಗದ ಪ್ರತಿ ಎಷ್ಟಿದ್ದರೂ ಸಾಲದಂತೆ. ಎಲ್ಲರೂ ಬೈಯುತ್ತಾರೆ, ಎಲ್ಲರೂ ಒಯ್ಯುತ್ತಾರೆ. ಅವರು ನನ್ನನ್ನು ಕೂಡ್ರಿಸಿ ಚಹಾ ತರಿಸಿ ಶುರುವಿಟ್ಟುಕೊಂಡರು: "ಅಲ್ರೀ ಕುಲ್ಸುಮಬಿ, ಮುದುಕೀನ ಯಾಕ ಕೊಂದ್ರಿ? ರಾಜಕುಮಾರನ್ನ ಕೊಂದಿದ್ರೂ ಇಷ್ಟು ಗದ್ದಲಾ ಆಗ್ತಿರ್ಲಿಲ್ಲ ನೋಡ್ರಿ." ಕೊಂದವಳು ನಾನೇ ಎನ್ನುವ ಹಾಗೆ! ಕಾಲೇಜಿನ ಹುಡುಗರಿಬ್ಬರು ಅಲ್ಲೇ ಇದ್ದರು. ನಾಲ್ಕನೇ ಭಾಗದಲ್ಲಿ ರೆಕ್ಕೆಯ ಕುದುರೆಗಳ ಯುದ್ಧ ಏನು, ಆ ಮಂತ್ರವಾದಿಯ ಮೂರು ತಲೆ ಏನು, ಐದನೆಯದರಲ್ಲಿ ಬರೀ ಬಾಗಿಲು ಕಾಯುವುದೇ ಆಯಿತಲ್ಲ ಎಂದು ಅವರ ತಕರಾರು. ಬಸ್ ಕಂಡಕ್ಟರ್ ಮಹಮ್ಮದ್ ಹನೀಫನಿಗೆ ರಾಜಕುಮಾರನ ಮೇಲೆ ಸಿಟ್ಟು. ಮುದುಕಿಯನ್ನು ಹೊರಗೆ ಬಿಟ್ಟು ಒಳಗೆ ಕೂತವನು ಎಂಥ ಗಂಡಸು ಎಂದು ಟಿಕೆಟ್ ಹರಿಯುತ್ತಲೇ ಕೇಳುತ್ತಾನೆ. ಹಾವೇರಿಯಲ್ಲಿ ರಿಟೈರಾದ ಪೋಸ್ಟ್‌ಮಾಸ್ತರ ಗುಡ್ಡಪ್ಪನವರು ಇದ್ದಾರಲ್ಲ, ಅವರೊಬ್ಬರದೇ ಬೇರೆ ದಾರಿ. ಎರಡು ಸಲ ಓದಿದರಂತೆ. "ನಾಕು ಭಾಗದ ತನಕಾ ಅದು ಆಟದ ಕೋಟೆ ಇತ್ತು, ಈಗ ಖರೇ ಕೋಟೆ ಆತು" ಎಂದು ಪರಮೇಶಪ್ಪನವರಿಗೆ ಬರೆದು ಕಳಿಸಿದ್ದಾರೆ. ಆ ಪತ್ರವನ್ನು ಅವರು ನಿನಗೆ ತೋರಿಸಿಲ್ಲ, ನೋಡು. ಬೈಗುಳದ ಕಾರ್ಡುಗಳನ್ನು ಮಾತ್ರ ಒಂದೂ ಬಿಡದೆ ಕಟ್ಟಿ ಕಳಿಸಿದ್ದಾರೆ. ನಿಮ್ಮ ಅಬ್ಬಾ ಎರಡನೇ ಭಾಗ ದಾಟಿಲ್ಲ, ಆದರೂ ಐದನೆಯದರ ಬಗ್ಗೆ ಎಲ್ಲರಿಗಿಂತ ಜೋರಾಗಿ ಮಾತಾಡುತ್ತಾರೆ.

ಈಗ ನನ್ನ ಹಲ್ಲು ಕೀಳುವ ಹೊತ್ತು. ಗೋದಾಮಿನಲ್ಲಿ ನಾವು ಹೇಗೆ ಕೂಡುತ್ತೇವೆ ಎಂದು ನಿನಗೆ ಗೊತ್ತು. ಚಿಕ್ಕವಳಿದ್ದಾಗ ನನ್ನ ಮಗ್ಗುಲಲ್ಲೇ ಕೂತು ಸೀನಿದವಳು ನೀನು. ಮೆಣಸಿನಕಾಯಿ ರಾಶಿಯ ಸುತ್ತ ಎಂಟು ಜನ, ತೊಟ್ಟು ಬಿಡಿಸುವ ಕೆಲಸ. ಓದು ಬಲ್ಲವಳು ನಾನೊಬ್ಬಳೇ ಆದ್ದರಿಂದ ನಾನು ಓದುವುದು, ಉಳಿದ ಏಳು ಜನ ಕೇಳುತ್ತ ಬಿಡಿಸುವುದು, ನನ್ನ ಬುಟ್ಟಿ ಖಾಲಿ ಉಳಿಯಬಾರದೆಂದು ತಲೆಗೊಂದೊಂದು ಬೊಗಸೆ ಅದಕ್ಕೆ ಹಾಕುವುದು. ಗಾಳಿದುರ್ಗದ ಐದೂ ಭಾಗ ಹೀಗೇ ಓದಿದ್ದೇನೆ. ಕೋಟೆ ಗಾಳಿಯಲ್ಲಿ ತೇಲಲಿ, ಕುದುರೆ ಹಾರಲಿ, ಇವರಿಗೆ ಬೇಕಾದದ್ದು ಬಾಗಿಲು ಕಾಯುವ ಹೊಂಬಾಳವ್ವ. ರಾಜನಿಗೇ ಕಾಲು ತೊಳೆದುಕೊಂಡು ಒಳಗೆ ಬಾ ಎಂದು ಗದರುವವಳಲ್ಲವೇ? ಅವಳ ಸುದ್ದಿ ಬಂದರೆ ಕೈಗಳು ನಿಂತುಬಿಡುತ್ತಿದ್ದವು. ಎಲ್ಲರಿಗಿಂತ ಹೆಚ್ಚು ಜೀವ ಬಿಡುತ್ತಿದ್ದವಳು ದುರಗವ್ವ. ಅವಳ ತಾಯಿ ಹೋದ ದೀಪಾವಳಿಯ ಹಿಂದು-ಮುಂದು ತೀರಿಕೊಂಡಳು. ತವರೂರು ಹಲಗೇರಿಯಿಂದ ಸುದ್ದಿ ತಂದವನು ಗೋದಾಮಿಗೆ ಬಂದಾಗ ಸಂಜೆಯಾಗಿತ್ತು. ಇವಳು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಮುಖ ಸಹ ನೋಡಲಿಲ್ಲ.

ಹನ್ನೊಂದನೇ ಅಧ್ಯಾಯ ಓದುತ್ತಿದ್ದೆ. ಶತ್ರುಗಳು ಬಂದರು, ಮಕ್ಕಳೆಲ್ಲ ಒಳಗೆ ಓಡಿದರು, ಬಾಗಿಲು ಹೊರಗಿನಿಂದ ದೂಡದೆ ಮುಚ್ಚುವುದಿಲ್ಲ. ಹಾಳೆ ಮಗುಚಿದೆ. 'ಒಳಗಿನಿಂದ ಅಗಳಿ ಹಾಕಿಕೊಳ್ಳಿ, ಹೊರಗೆ ನಾನಿದ್ದೇನೆ' ಎಂದಳು ಹೊಂಬಾಳವ್ವ ಎಂದು ಅಚ್ಚಾಗಿದೆ. ಮುಂದಿನ ಸಾಲು ಕಣ್ಣಿಗೆ ಬಿತ್ತು. ತಲೆ ಎತ್ತಿದೆ, ಎದುರಿಗೆ ದುರಗವ್ವ ಬಾಯಿ ತೆರೆದು ಕೂತಿದ್ದಾಳೆ. ಯಾ ಅಲ್ಲಾ, ನನ್ನ ನಾಲಿಗೆ ತಾನೇ ಹೊರಳಿತು ನೋಡು! 'ಅಷ್ಟರಲ್ಲಿ ರಾಜಕುಮಾರ ಕೈ ಚಾಚಿ ಅವಳನ್ನು ಒಳಗೆ ಎಳೆದುಕೊಂಡ' ಎಂದು ಓದಿಬಿಟ್ಟೆ. ಏಳೂ ಜನ ಉಸ್ ಎಂದರು. ದುರಗವ್ವ ಆ ದಿನ ನನ್ನ ಬುಟ್ಟಿಗೆ ಎರಡು ಬೊಗಸೆ ಹಾಕಿದಳು.

ಒಂದು ಸುಳ್ಳಿಗೆ ಒಂಬತ್ತು ಸುಳ್ಳು ಎನ್ನುತ್ತಾರೆ, ಪುಸ್ತಕ ಮುಗಿಯುವ ತನಕ ನನ್ನದು ಎಂಟು ದಿನ ನಡೆಯಿತು. ಪುಸ್ತಕದಲ್ಲಿ ಎಲ್ಲರೂ ಅವಳಿಗಾಗಿ ಅಳುತ್ತಿದ್ದರೆ, ನಾನು ಅವಳನ್ನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯಲು ಕೂಡ್ರಿಸಿದೆ. ಅವಳ ಬೀಗದ ಕೈಯನ್ನು ರಾಜಕುಮಾರ ಎದೆಗೊತ್ತಿಕೊಂಡ ಕಡೆ, ಅವಳೇ ಕೊಟ್ಟು ಮಲಗಲು ಹೋದಳೆಂದೆ. ಮಧ್ಯೆ ಒಂದು ದಿನ ನಮ್ಮ ರಾಶಿಯ ಬಿಬಿಜಾನ್ ಬಸ್ಸಿನಲ್ಲಿ ಹನೀಫನ ಜೊತೆ ಜಗಳಕ್ಕೇ ಬಿದ್ದಳಂತೆ. ಮುದುಕಿ ಸತ್ತಳು ಎಂದು ಅವನು, "ಸಾಯಾಕ ಏನ್ ಧಾಡಿ ಆಗೇತಿ ಆಕೀಗೆ? ನಿನ್ನೆ ರೊಟ್ಟಿ ಬಡ್ಯಾಕತ್ತಿದ್ಲು! ನಿನ್ ಪುಸ್ತಕದಾಗ ಹಾಳಿ ಹರದಾವ, ಹೋಗಿ ಬದಲಿ ತಗೊಂಡ್ ಬಾ" ಎಂದು ಇವಳು. ಬಸ್ಸಿಗೆ ಬಸ್ಸೇ ಎರಡು ಪಕ್ಷವಾಯಿತಂತೆ. ಈ ಏಳು ಜನವೇ ಕೊನೆಗೆ ನನಗೂ ಹೇಳದೆ, ಹಮಾಲ ಡಾಕಪ್ಪನ ಕೈಯಲ್ಲಿ ಬರೆಸಿ, ಮೆಣಸಿನಕಾಯಿ ಕೈಯಲ್ಲೇ ಹೆಬ್ಬೆಟ್ಟು ಒತ್ತಿ ನಿನಗೆ ಕಾರ್ಡು ಹಾಕಿದ್ದು. ಮನಸಾರೆ ಹರಸಿದ ಕಾರ್ಡು ಅದು. ಜೋಪಾನವಾಗಿ ಇಟ್ಟುಕೋ.

ಆದರೆ ಮಹಮೂದಾ, ಎಬ್ಬಿಸುತ್ತೇನೆ ಎನ್ನುತ್ತೀಯಲ್ಲ, ಎಬ್ಬಿಸಿ ನೋಡಿದವಳು ನಾನು. ಎಂಟು ದಿನ ಅವಳನ್ನು ಸಾಕಿದ್ದೇನೆ. ಅವಳಿಗೆ ಮಾಡಲು ಕೆಲಸವೇ ಇರಲಿಲ್ಲ. ಒಲೆಯ ಮುಂದೆ ಕೂತಳು, ಎದ್ದಳು, ಕೂತಳು. ಹಳೆಯ ಬೈಗುಳವನ್ನೇ ತಿರುಗಿಸಿ ಬೈದಳು. ಆರನೇ ದಿನ ದುರಗವ್ವನೇ ಅಂದಳು, "ಯಾಕೋ ಏನೋ ಬೇ, ಮುದುಕಿ ಸಪ್ಪಗಾಗ್ಯಾಳ." ಹೊಂಬಾಳವ್ವ ಸತ್ತದ್ದಕ್ಕೆ ಅಳಬೇಕಾದವಳು, ಅವಳು ಬದುಕಿದ್ದಾಳೆಂದು ಆಕಳಿಸುತ್ತಿದ್ದಾಳೆ. ಅದಕ್ಕಿಂತ ದೊಡ್ಡ ಸಾವು ಯಾವುದು ಹೇಳು? ನೀನು ಒಂದು ಬಾಗಿಲು ಮುಚ್ಚಿಸಿ ಅವಳನ್ನು ಎತ್ತರಕ್ಕೆ ಏರಿಸಿ ಇಟ್ಟಿದ್ದೆ, ನಾನು ಕೈ ಹಿಡಿದು ಎಳೆದು ಕೆಳಗಿಳಿಸಿದೆ. ನಿನ್ನ ಬೇರು ತೇಯ್ದರೂ ಆಗುವುದು ಅಷ್ಟೇ. ಬೈದವರು ಇಪ್ಪತ್ತು ಜನ ಇರಬಹುದು. ಕಾರ್ಡಿಗೆ ಕಾಸು ಹಾಕಿ ಬೈಯಬೇಕಾದರೆ ಅವರ ಹೊಟ್ಟೆ ಎಷ್ಟು ಉರಿದಿರಬೇಕು, ಯೋಚನೆ ಮಾಡು. ಉರಿಯಲಿ. ಖಾರ ತಿಂದವರು ನೀರು ಕುಡಿಯುತ್ತಾರೆ, ಖಾರ ಮಾರುವುದನ್ನು ಬ್ಯಾಡಗಿ ನಿಲ್ಲಿಸಿದೆಯೇ?

ನಿನಗೆ ಧೈರ್ಯ ಹೇಳುವ ಮೊದಲು ನಾನು ಧೈರ್ಯ ಮಾಡಬೇಕು. ಹಾಗಾಗಿ ಗಟ್ಟಿ ಮನಸ್ಸು ಮಾಡಿದ್ದೇನೆ. ಈಗ ಗೋದಾಮಿನಲ್ಲಿ ಮತ್ತೆ ಒಂದನೇ ಭಾಗ ನಡೆದಿದೆ, ಆರನೆಯದು ಬರುವ ತನಕ. ನಾಳೆ ಅದನ್ನು ಬದಿಗಿಟ್ಟು ಐದನೆಯದರ ಹನ್ನೊಂದನೇ ಅಧ್ಯಾಯ ತೆಗೆಯುತ್ತೇನೆ. ಮೊದಲು ನನ್ನ ಸುಳ್ಳು ಹೇಳುತ್ತೇನೆ, ಆಮೇಲೆ ಅಚ್ಚಾದದ್ದನ್ನು ಅಚ್ಚಾದ ಹಾಗೇ ಓದುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ, ಓದುವುದೇ ಬೇಡ ಎಂದರೆ ಎಲ್ಲರ ಹಾಗೆ ತೊಟ್ಟು ಬಿಡಿಸುತ್ತೇನೆ. ದುರಗವ್ವನ ಮುಖ ನೆನೆದರೆ ಮಾತ್ರ ಪುಸ್ತಕ ಮತ್ತೆ ಮುಚ್ಚಿಡೋಣ ಅನ್ನಿಸುತ್ತದೆ. ಆದರೂ ಓದುತ್ತೇನೆ, ನಿನ್ನಾಣೆ.

ಹೊತ್ತಿಗೆ ಸರಿಯಾಗಿ ಉಣ್ಣು, ಗಂಟಲಿಗೆ ಅರಿವೆ ಸುತ್ತಿಕೋ. ನಿನ್ನ ಬರೆಯುವ ಕೈಗೂ ಬೈಸಿಕೊಳ್ಳುವ ಕಿವಿಗೂ ಅಲ್ಲಾಹ್ ಬಲ ಕೊಡಲಿ. ಅಬ್ಬಾ ಸಲಾಂ ಹೇಳಿದ್ದಾರೆ, ರಾಜಕುಮಾರನದು ತಪ್ಪಿಲ್ಲ ಎಂದೂ ಹೇಳಿದ್ದಾರೆ.

ಇಂತಿ, ನಿನ್ನ ಹೆತ್ತವಳು,
ಕುಲ್ಸುಮಬಿ

ತಾ.ಕ.: ಶುಕ್ರವಾರ ಮಧ್ಯಾಹ್ನ. ಪತ್ರ ಇನ್ನೂ ಡಬ್ಬಿಗೆ ಹಾಕಿಲ್ಲ, ನಾಲ್ಕಕ್ಕೆ ಟಪಾಲು ತೆಗೆಯುತ್ತಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಓದಿದೆ. ಬಿಬಿಜಾನ್ "ಎಂಟ್ ದಿನಾ ನಮ್ಮನ್ನ ಹುಚ್ಚರ್ನ ಮಾಡೀದಿ" ಎಂದು ಬುಟ್ಟಿ ಎತ್ತಿಕೊಂಡು ಬೇರೆ ರಾಶಿಗೆ ಹೋಗಿ ಕೂತಳು. ಇಬ್ಬರು ಅತ್ತರು, ಒಬ್ಬಳು ನಿನಗೆ ಶಾಪ ಹಾಕಿದಳು. ದುರಗವ್ವ ಎದ್ದು ಹೊರಗೆ ಹೋದಳು. ಇನ್ನು ನನ್ನ ಮುಖ ನೋಡುವುದಿಲ್ಲ ಎಂದುಕೊಂಡೆ. ಊಟದ ಹೊತ್ತಿಗೆ ತಾನೇ ಬಂದು ಎದುರಿಗೆ ಕೂತು, "ಆಕೀ ಬಾಗಿಲಾ ದೂಡೋದನ್ನ ಇನ್ನೊಮ್ಮೆ ಓದು" ಎಂದಳು. ಓದಿದೆ. ಮತ್ತೊಮ್ಮೆ ಎಂದಳು. ಮೂರು ಸಲ ಓದಿಸಿದಳು. ಆಮೇಲೆ ಕಣ್ಣೊರೆಸಿಕೊಂಡು, "ನಮ್ಮವ್ವ ಹೋಗೂ ಮುಂದ ನಾ ಇರ್ಲಿಲ್ಲ, ಕುಲ್ಸುಮಕ್ಕಾ. ಈಕೀ ಹೋಗೂ ಮುಂದರ ಬಾಜೂಕ ಇದ್ದೆ" ಎಂದಳು. ಪರಮೇಶಪ್ಪನವರಿಗೆ ಏನು ಬೇಕಾದರೂ ಬರೆ ಮಗಳೇ, ಹೊಂಬಾಳವ್ವನನ್ನು ಮಾತ್ರ ಎಬ್ಬಿಸಬೇಡ.