ಫೋನಿನಲ್ಲಿ ಬರೀ ಪೊರಕೆ

ಅಕ್ಟೋಬರ್ 6, ಸೋಮವಾರ

ಮತ್ತೆ ಓರೆಸ್ಟ್‌ನ ಇಮೇಲ್. "ಫೋಟೋ ಜಾಗ ಇನ್ನೂ ಸ್ವಲ್ಪ ದೊಡ್ಡದು ಮಾಡಮ್ಮ ಕೋರಿನ್." ಇನ್ನೆಷ್ಟು ದೊಡ್ಡದು? ಹೋಗಿ ಅವನ ಮನೆಗೋಡೆಗೆ ಅಂಟಿಸಲೇ?

ಇವನು ಹಳ್ಳಿಯೊಂದರ ಕರ್ಲಿಂಗ್ ಕ್ಲಬ್ಬಿನ ಅಧ್ಯಕ್ಷ. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವುದು, ಅದರ ಮುಂದೆ ಗುಡಿಸಿಕೊಂಡು ಓಡುವುದು — ಇದೊಂದು ಆಟ, ಇದಕ್ಕೊಂದು ಕ್ಲಬ್ಬು, ಕ್ಲಬ್ಬಿಗೊಂದು ವೆಬ್‌ಸೈಟು. ಶನಿವಾರ ಸೀಸನ್ ಶುರು. ಅಷ್ಟರೊಳಗೆ ಆಗಬೇಕಂತೆ. ಸಾಸ್ಕಟೂನ್ ನಗರದಲ್ಲಿ ಕೂತು ಇಂಥವರ ವೆಬ್‌ಸೈಟು ಮಾಡಿಯೇ ನನ್ನ ಆಯುಷ್ಯ ಮುಗಿಯುತ್ತದೆ.

ಮೊದಲ ಪುಟದಲ್ಲಿ ಆಟಗಳ ವೇಳಾಪಟ್ಟಿ ಇರಲಿ ಎಂದೆ. ಜನ ಬರುವುದೇ ಅದಕ್ಕೆ. ಬೇಡವಂತೆ. ಪುಟದ ಹಿನ್ನೆಲೆಯಲ್ಲಿ ಸದಸ್ಯರೆಲ್ಲರ ಫೋಟೋ, ಅದರ ಮೇಲೆ "ಬನ್ನಿ, ಆಡೋಣ!" ಆಹಾ, ಏನು ಕಲ್ಪನೆ.

ಅಕ್ಟೋಬರ್ 7

ದೊಡ್ಡ ಪರದೆಗೊಂದು, ಟ್ಯಾಬ್ಲೆಟ್‌ಗೊಂದು, ಫೋನಿಗೊಂದು ಫೋಟೋ ಕೇಳಿದ್ದೆ. ಕಳಿಸಿದ್ದು ಒಂದೇ. ರೈಲಿನಷ್ಟು ಉದ್ದದ ಸಾಲು. ಎಡಕ್ಕೊಂದು ಗುಂಪು, ಬಲಕ್ಕೊಂದು ಗುಂಪು, ನಡುವೆ ಖಾಲಿ ಜಾಗ. ಅಲ್ಲಿ ಗೋಡೆಗೆ ಒರಗಿಸಿಟ್ಟ ಹುಲ್ಲಿನ ಪೊರಕೆ. ಫೋಟೋ ತೆಗೆಯುವ ಮೊದಲು ಅದನ್ನು ಎತ್ತಿಡುವಷ್ಟು ಬುದ್ಧಿ ಒಬ್ಬರಿಗೂ ಇಲ್ಲ! ಆಟದ ಪೊರಕೆ ಬೇರೆ, ಪ್ಲಾಸ್ಟಿಕ್ ತಲೆಯದು, ಎಲ್ಲರ ಕೈಯಲ್ಲೂ ಇದೆ. ಇದು ಕಸ ಗುಡಿಸುವುದು.

ಫೋನಿನಲ್ಲಿ ಎರಡೂ ಬದಿ ಕತ್ತರಿಸಿ ಹೋಗಿ ನಡುವಿನದಷ್ಟೇ ಕಾಣುತ್ತದೆ. ಅಂದರೆ — "ಬನ್ನಿ, ಆಡೋಣ!" ಕೆಳಗೊಂದು ಪೊರಕೆ.

ಫೋನ್ ಮಾಡಿ ಹೇಳಿದೆ.

"ನನ್ನ ಕಂಪ್ಯೂಟರಲ್ಲಿ ಎಲ್ಲಾರೂ ಚೆನ್ನಾಗೇ ಕಾಣ್ತಾರಲ್ಲ!"

"ಜನ ನೋಡೋದು ಫೋನಲ್ಲಿ, ಓರೆಸ್ಟ್."

"ಹಂಗಾದ್ರೆ ಫೋನನ್ನ ಅಡ್ಡ ಹಿಡ್ಕೊಳ್ಳಲಿ ಬಿಡು."

ಫೋನ್ ಇಟ್ಟುಬಿಟ್ಟೆ.

ಅಕ್ಟೋಬರ್ 9, ಸಂಜೆ

ಕೇಳದೆ ಮಾಡಿಬಿಟ್ಟೆ. ಪೊರಕೆ ಅಳಿಸಿದೆ. ಎರಡೂ ಗುಂಪುಗಳನ್ನು ಹತ್ತಿರ ಸರಿಸಿ, ಗೊತ್ತಾಗದ ಹಾಗೆ ಕೂಡಿಸಿದೆ. ಈಗ ಫೋನಿನಲ್ಲೂ ನಗುವ ಮುಖಗಳು. ಸೈಟು ಎಲ್ಲರಿಗೂ ಕಾಣುವಂತೆ ತೆರೆದಾಯಿತು. ಒಂದು ಥ್ಯಾಂಕ್ಸ್ ಹೇಳುವಷ್ಟು ಸೌಜನ್ಯ ಇದೆಯೋ ನೋಡೋಣ.

ಅಕ್ಟೋಬರ್ 10

ಕಾಫಿಗೆ ಮುಂಚೆಯೇ ಓರೆಸ್ಟ್‌ನ ಫೋನ್. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಪೀಟ್‌ನ ಯಾಕಮ್ಮ ತೆಗೆದೆ?"

"ಯಾವ ಪೀಟ್? ಒಬ್ಬರನ್ನೂ ತೆಗೆದಿಲ್ಲ, ಬೇಕಾದ್ರೆ ಎಣಿಸಿ."

"ಆ ಪೊರಕೆ... ಅದು ಪೀಟ್‌ದು."

ಹೋದ ಫೆಬ್ರವರಿಯಲ್ಲಿ ತೀರಿಕೊಂಡನಂತೆ. ಪ್ರತಿ ಚಳಿಗಾಲ ಅಲ್ಲಿ ಐಸ್ ಸಿದ್ಧ ಮಾಡುತ್ತಿದ್ದವನು. ಹಿಂದೆ ಎಲ್ಲರೂ ಹುಲ್ಲಿನ ಪೊರಕೆಯಲ್ಲೇ ಆಡುತ್ತಿದ್ದರಂತೆ. ಇವನು ಕೊನೆಯವರೆಗೂ ಅದನ್ನು ಬಿಡಲಿಲ್ಲ. ಯಾರಾದರೂ ಸತ್ತರೆ ಮುಂದಿನ ಫೋಟೋದಲ್ಲಿ ಅವರು ನಿಲ್ಲುತ್ತಿದ್ದ ಜಾಗ ಬಿಟ್ಟು, ಅವರ ಪೊರಕೆ ನಿಲ್ಲಿಸುವುದು ಅಲ್ಲಿನ ಪದ್ಧತಿ.

"ನಾಳೆ ಮೊದಲ ಕಲ್ಲು ಬಿಡೋದು ವರ್ನಾ, ಅವನ ಹೆಂಡ್ತಿ. ಫೋಟೋ ನೋಡ್ಬೇಕು ಅಂತ ಕಾಯ್ತಿದಾಳೆ. ಅವಳು ನೋಡೋದ್ರೊಳಗೆ ವಾಪಸ್ ಹಾಕು, ದಮ್ಮಯ್ಯ."

ಮೊದಲೇ ಬಾಯಿಬಿಟ್ಟು ಹೇಳಲು ಏನಾಗಿತ್ತು? ಸಿಟ್ಟು ಬಂತು. ಹಳೆಯದನ್ನೇ ಹಾಕಿದೆ. ಫೋನಿಗೆಂದು ಬೇರೆಯಾಗಿ ಕತ್ತರಿಸುವ ಗೋಜಿಗೆ ಹೋಗಲಿಲ್ಲ. ಅಲ್ಲಿ ಮತ್ತೆ ಬರೀ ಪೊರಕೆ. ಇರಲಿ, ಅವರ ಹಣೆಬರಹ. ಅಡ್ಡ ಹಿಡಿದುಕೊಳ್ಳಲಿ.

ಅಕ್ಟೋಬರ್ 11, ಶನಿವಾರ

ಗೊತ್ತಿಲ್ಲದ ನಂಬರ್. ವರ್ನಾ. ಹಿಂದೆ ಕಲ್ಲು ಜಾರುವ ಸದ್ದು, ಕೂಗಾಟ.

"ಓರೆಸ್ಟ್ ಕಂಪ್ಯೂಟರಲ್ಲಿ ಎಲ್ಲಾರೂ ಸಾಲಾಗಿ ನಿಂತಿದಾರೆ. ನನ್ನ ಫೋನಲ್ಲಿ ತೆಗೆದ್ರೆ ಪೀಟ್ ಒಬ್ನೇ ಇದಾನೆ! ಇನ್ಮೇಲೆ ಕೋಟಿನ ಜೇಬಲ್ಲೇ ಇರ್ತಾನೆ ಬಿಡು. ಓರೆಸ್ಟ್‌ಗೆ ಇಷ್ಟು ತಲೆ ಎಲ್ಲಿಂದ ಬರ್ಬೇಕು... ನೀನೇ ತಾನೇ ಫೋನಿಗೆ ಅಂತ ಹಂಗೆ ಆರಿಸಿದ್ದು?"

ಅಲ್ಲ ಎನ್ನಬೇಕಿತ್ತು. ಸಿಟ್ಟಿಗೆ, ತಾತ್ಸಾರಕ್ಕೆ ಹಾಗೇ ಬಿಟ್ಟಿದ್ದೆ ಎನ್ನಬೇಕಿತ್ತು.

"ಹೌದು" ಎಂದೆ.

ಅತ್ತಳು. ಬಾಯ್ತುಂಬ ಹರಸಿದಳು. ತಾನೇ ಸೇಬಿನ ಪೈ ಬೇಯಿಸಿ ಕಳಿಸುತ್ತಾಳಂತೆ, ವಿಳಾಸ ಕೇಳಿದಳು. ಕೊಟ್ಟೆ. ನಾಚಿಕೆಯಿಲ್ಲದೆ ಅದನ್ನೂ ಕೊಟ್ಟೆ. ಆ ಪೈ ಬಂದ ದಿನ ನಾನು ಅದನ್ನು ಯಾವ ಮುಖ ಇಟ್ಟುಕೊಂಡು ತಿನ್ನಲಿ?