ಮೂರನೇ ಅಂಕಕ್ಕೆ ಮೊದಲೇ ಚಹಾ

ಡ್ರೂಗೆಫಾಂಟೇನ್
೧೪ ಮೇ ೧೯೬೮

ನಾಟಕದಲ್ಲಿ ತೀರಿಕೊಂಡು ಕೇಪ್‌ಟೌನಿನಲ್ಲಿ ಕ್ಷೇಮವಾಗಿರುವ ಗಿಡಿಯನ್ ಅವರಿಗೆ, ಇನ್ನೂ ನಿಮ್ಮ ಹೆಂಡತಿಯೇ ಆಗಿರುವ ಆಲೆಟಾಳ ವಂದನೆಗಳು.

ನಿಮ್ಮ ನಾಟಕ ನಮ್ಮೂರಿನಲ್ಲಿ ಹೇಗಾಯಿತೆಂದು ಕೇಳಿದ್ದೀರಿ. ಹೇಳುತ್ತೇನೆ, ಕೂತುಕೊಂಡು ಓದಿ.

ನನ್ನನ್ನು ನೋಡಲು ಬರುತ್ತಿದ್ದಾಗ ನೀವು ಕವಿ. ನನ್ನ ಕಣ್ಣುಗಳ ಮೇಲೆಯೇ ಒಂದು ಸಂಕಲನ ಬಂತು. ಮದುವೆಯಾದ ಮೇಲೆ ಕಾದಂಬರಿಕಾರರಾದಿರಿ. ಅದರಲ್ಲಿ ನನ್ನ ನಾಲಿಗೆಗೇ ಆರು ಅಧ್ಯಾಯ. ಮನೆ ಬಿಟ್ಟು ಹೋಗಿ ನಾಟಕಕಾರರಾದಿರಿ. ಈಗ ಎರಡನೇ ಅಂಕದಲ್ಲಿ ಕವಿ ಸಾಯುತ್ತಾನೆ. ಮೂರನೆಯದರಲ್ಲಿ ಅವನ ಹೆಂಡತಿ ಶವಪೆಟ್ಟಿಗೆಯ ಮುಂದೆ ಮೊಣಕಾಲೂರಿ, ನಿಮ್ಮ ಪ್ರತಿಭೆ ಅರಿಯದೆ ಹೋದೆನೆಂದು ಮೂರು ಪುಟ ಕ್ಷಮೆ ಬೇಡುತ್ತಾಳೆ. ಆ ಪಾತ್ರ ನಾನೇ ಮಾಡಬೇಕೆಂದು ಊರಿನ ನಾಟಕ ಮಂಡಳಿಗೆ ಬರೆದವರೂ ನೀವೇ. ಒಲ್ಲೆ ಎಂದರೆ ಇವಳಿಗೆ ಇನ್ನೂ ಗಂಡನ ಮೇಲೆ ಸಿಟ್ಟಿದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಒಪ್ಪಿದೆ. ಊರೆಲ್ಲ ಕೂತಿರುವಾಗ ಆ ಮಾತು ಆಡಬೇಕಲ್ಲ ಎಂದು ವಾರವಿಡೀ ಅಡುಗೆ ಸೀಯಿಸಿದೆ.

ನಾಟಕ ಚರ್ಚಿನ ಸಭಾಂಗಣದಲ್ಲಿ. ಎರಡನೇ ಅಂಕದ ಕೊನೆಗೆ ಪೆಟ್ಟಿಗೆ ಬಂತು, ಆರ್ಗನ್ ನುಡಿಯಿತು, ಶವಸಂಸ್ಕಾರದ ಕೀರ್ತನೆ ಶುರುವಾಯಿತು. ನಮ್ಮವರು ನಿಮಗೆ ಗೊತ್ತಲ್ಲ. ಇಡೀ ಸಭೆ ಎದ್ದು ನಿಂತು, ಒಂದು ಚರಣವನ್ನೂ ಬಿಡದೆ ಹಾಡಿತು. ಯಾರು ಸತ್ತರೂ ಆ ಕೀರ್ತನೆ ಮುಗಿದರೆ ಪಕ್ಕದ ಕೋಣೆಯಲ್ಲಿ ಚಹಾ, ಹುಟ್ಟಿದಾಗಿನಿಂದ ಕಂಡದ್ದು ಅದೊಂದೇ. ಬಾಗಿಲ ಬಳಿಯವರು ಹೊರಟರು, ಉಳಿದವರು ಹಿಂಬಾಲಿಸಿದರು. ನಾಟಕ ಮುಗಿದ ಮೇಲೆ ಕೊಡಲೆಂದು ಲೇನಿ ಚಿಕ್ಕಮ್ಮ ಜೋಡಿಸಿಟ್ಟಿದ್ದ ಹಾಲಿನ ಟಾರ್ಟ್ ನೋಡನೋಡುತ್ತಲೇ ಖಾಲಿಯಾಯಿತು.

ಸಭೆಯ ಹಿರಿಯರಾದ ಫ್ಲೋರಿಸ್ ಮಾವ ಬಾಯಿ ತುಂಬ ಟಾರ್ಟ್ ಇಟ್ಟುಕೊಂಡೇ ನನ್ನ ಕೈ ಹಿಡಿದರು.

"ಸಮಾಧಾನ ಮಾಡ್ಕೊ ತಾಯಿ. ಗಿಡಿಯನ್ ಒಳ್ಳೇ ಹುಡುಗ. ಆ ಬರೆಯೋ ಚಟ ಒಂದಿಲ್ದಿದ್ರೆ ಉದ್ಧಾರ ಆಗ್ತಿದ್ದ."

ನನಗೆ ನಿಜವಾಗಿಯೂ ಅಳು ಬಂತು. ಪೆಟ್ಟಿಗೆ ಖಾಲಿಯೆಂದು ಗೊತ್ತಿದ್ದೂ ಬಂತು. ಅದು ನನಗೆ ಒಂದಿಷ್ಟೂ ಹಿಡಿಸಲಿಲ್ಲ.

ಮೂರನೇ ಅಂಕಕ್ಕೆ ಯಾರೂ ವಾಪಸು ಬರಲಿಲ್ಲ. ಒಮ್ಮೆ ಮಣ್ಣು ಮಾಡಿದ ಮೇಲೆ ಮತ್ತೆ ಹೆಣ ನೋಡಲು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ನಿಮ್ಮ ಮೂರು ಪುಟದ ಕ್ಷಮೆ ಹಾಗೇ ಉಳಿದಿದೆ. ಬೇಕಿದ್ದರೆ ಬನ್ನಿ. ಅಡುಗೆಮನೆಯ ಮೇಜಿನ ಆಚೆ ನೀವು, ಈಚೆ ನಾನು. ಅದನ್ನು ಯಾರು ಯಾರಿಗೆ ಓದಿ ಹೇಳಬೇಕೆಂದು ಅಲ್ಲೇ ತೀರ್ಮಾನಿಸೋಣ. ನಿಮಗೆಂದು ಮೊದಲೇ ಎತ್ತಿಟ್ಟಿದ್ದ ಒಂದು ತುಂಡು ಟಾರ್ಟ್ ಇಂದು ಬೆಳಿಗ್ಗೆ ನಾನೇ ತಿಂದೆ, ಹೊಸದು ಮಾಡಿದರಾಯಿತು.

ನಿಮ್ಮ ವಿಧವೆ,
ಆಲೆಟಾ

ಮರೆತಿದ್ದೆ: ನೀವು ಬರೆದದ್ದರಲ್ಲಿ ಅಲ್ಲಿ ಬರೀ ಆರ್ಗನ್ ಇದೆ, ಹಾಡಿಲ್ಲ. ಕೀರ್ತನೆಯನ್ನು ಮೊದಲು ಎತ್ತಿ ಹಾಡಿದವಳು ನಾನು. ನಾಟಕ ಕಟ್ಟುವುದು ನೀವು ಹೇಳುತ್ತಿದ್ದಷ್ಟು ಕಷ್ಟದ ಕೆಲಸವೇನಲ್ಲ.