ಅತ್ತೆ ಆಡದ ಮಾತು

ಮಾರ್ಚ್ 4, ಬೆಳಿಗ್ಗೆ
ಮಾತ್ರೆ ನುಂಗಿದೆ. ಅಕ್ಕ ಬಾಯಿ ತೆರೆಸಿ ನೋಡಲಿಲ್ಲ. ಪ್ರಗತಿ! ಅತ್ತೆ ಮಾತ್ರ ಎದ್ದಾಗಿನಿಂದ ಶುರು: "ದಂಡಪಿಂಡ, ನಿನ್ನ ಮಾತು ಯಾರು ನಂಬ್ತಾರೆ?" ಅತ್ತೆ ಅನ್ನೋದು ನನ್ನ ತಲೆಯೊಳಗಿನ ದನಿಗೆ ನಾನಿಟ್ಟ ಹೆಸರು. ಮದುವೆಯಾಗದೆಯೇ ಅತ್ತೆ ಸಿಕ್ಕ ಪುಣ್ಯವಂತೆ. ಡಾಕ್ಟರ್ ಇಟ್ಟ ಹೆಸರು ಸ್ಕಿಜೋಫ್ರೇನಿಯಾ. ಬರೆಯಲೂ ಕೈ ನೋಯುತ್ತದೆ.

ಬಾಗಿಲಲ್ಲಿ ಹೊಸ ಬಾಡಿಗಾರ್ಡ್. ನಾನು ಸಾಕ್ಷಿ ಹೇಳಿ ಕೇಸು ಮುಗಿಯುವವರೆಗೆ ಇರುತ್ತಾನಂತೆ. ನಾನು ಕೆಲಸಕ್ಕಿದ್ದ ಆಫೀಸಿನ ಮಾಲೀಕ ತನ್ನದೇ ಗೋದಾಮಿಗೆ ಬೆಂಕಿ ಇಡಲು ಫೋನಿನಲ್ಲಿ ಹೇಳಿದ್ದು ಪಕ್ಕದ ರೂಮಿನಲ್ಲಿದ್ದ ನನಗೆ ಕೇಳಿಸಿತ್ತು. ಒಳಗಿದ್ದ ಕಾವಲಿನವನು ಬದುಕಲಿಲ್ಲ. ನನ್ನ ಮಾತು ಬಿದ್ದುಹೋದರೆ ಮಾಲೀಕ ಆರಾಮಾಗಿ ಮನೆಗೆ ಹೋಗುತ್ತಾನೆ.

ಬಾಡಿಗಾರ್ಡ್‌ನ ಮೈಕಟ್ಟು ನೋಡಿ 'ಗೋಡೆ' ಎಂದು ಹೆಸರಿಟ್ಟೆ.

ಮಾರ್ಚ್ 9
ಊಟದ ಹೊತ್ತಿಗೆ ಅತ್ತೆ ಜೋರು. ತಡೆಯಲಾಗದೆ ಗೋಡೆಯನ್ನೇ ಕೇಳಿಬಿಟ್ಟೆ, "ಈಗ ಏನಾದ್ರೂ ಕೇಳಿಸ್ತಾ?"

ಎಲ್ಲರೂ "ಏನಿಲ್ಲ, ಹೋಗಿ ಮಲಕ್ಕೋ" ಅನ್ನುತ್ತಾರೆ. ಇವನು ಎದ್ದು ಬಾಲ್ಕನಿ, ಬಚ್ಚಲು, ಮೆಟ್ಟಿಲು ಎಲ್ಲ ನೋಡಿಬಂದ. "ಇಲ್ಲ ಮೇಡಂ. ನೋಡ್ಕೊಂಡು ಬಂದೆ."

ನೋಡಿಬಂದು ಹೇಳಿದವನು ಇವನೊಬ್ಬನೇ. ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಮಾರ್ಚ್ 21
ಬಾಗಿಲ ಹೊರಗೆ ಪಿಸುದನಿ: "ಕೋರ್ಟಿಗೆ ಹೋದ್ರೆ ಮನೆ ಸಮೇತ ಸುಡ್ತೀವಿ."

ಗೋಡೆಯನ್ನು ಕೇಳಿದೆ, "ಕೇಳಿಸ್ತಾ?"

"ಕೇಳಿಸ್ತು!" ಎಂದವನು ಆಗಲೇ ಮೆಟ್ಟಿಲಲ್ಲಿದ್ದ. ಕೆಳಗೆ ಧಡಾರ್ ಸದ್ದು. ಒಬ್ಬನನ್ನು ಕೊರಳಪಟ್ಟಿ ಹಿಡಿದು ಎಳೆತಂದ. ಗೋಡೆಯ ಹುಬ್ಬು ಒಡೆದಿತ್ತು.

ಹತ್ತಿ ಒತ್ತುತ್ತಾ ನಗು ತಡೆಯಲಾಗಲಿಲ್ಲ.

"ಯಾಕ್ ನಗ್ತೀರಿ?"

"ಯಾರೋ ನಿಜವಾಗ್ಲೂ ಬೆದರಿಸಿದ್ರಲ್ಲ!"

ಜೀವಬೆದರಿಕೆಗೆ ಇಷ್ಟು ಖುಷಿಪಟ್ಟವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಅವನೂ ನಕ್ಕ. ಹುಬ್ಬಿನಿಂದ ಕೈ ತೆಗೆಯಲು ಮನಸ್ಸಿರಲಿಲ್ಲ... ತೆಗೆದೆ.

ಏಪ್ರಿಲ್ 2
ನೀವಂದ್ರೆ ಇಷ್ಟ ಅಂತ ಗೋಡೆಗೆ ಹೇಳಿಯೇಬಿಟ್ಟೆ. "ಡ್ಯೂಟಿಯಲ್ಲಿದ್ದೀನಿ ಮೇಡಂ" ಎಂದು ಎದುರಿನ ಗೋಡೆ ನೋಡಿದ. ಗೋಡೆಗೆ ಗೋಡೆಯೇ ಜೋಡಿ. ಅತ್ತೆಗೆ ಹಬ್ಬ, ಬೈದದ್ದೇ ಬೈದದ್ದು.

ಏಪ್ರಿಲ್ 18, ಸಂಜೆ
ಇವತ್ತು ಕೋರ್ಟಿನಲ್ಲಿ ನಡೆದದ್ದನ್ನು ಬರೆಯಲೇಬೇಕು.

ಮಾಲೀಕನ ವಕೀಲ ಕಟಕಟೆಯ ಹತ್ತಿರ ಬಂದ. "ನಿಮಗೆ ಇಲ್ಲದ ದನಿ ಕೇಳಿಸುತ್ತಲ್ವಾ?"

"ಕೇಳಿಸುತ್ತೆ."

"ಹಾಗಾದ್ರೆ ಅವತ್ತು ಕೇಳಿಸಿದ್ದೂ ಅದೇ ಇರಬಹುದು."

ಕಿವಿಯಲ್ಲಿ ಅತ್ತೆ: "ಮುಗೀತು ನಿನ್ನ ಕಥೆ, ಹುಚ್ಚಿ." ಅಲ್ಲೇ ಹೊಳೆಯಿತು.

"ನನ್ನ ತಲೆಯೊಳಗಿನ ದನಿಗೆ ನನ್ನ ಬೈಯೋದು ಬಿಟ್ರೆ ಬೇರೆ ಕೆಲಸ ಇಲ್ಲ ಸರ್. ಈಗ್ಲೂ ಬೈತಿದೆ. ಇಷ್ಟು ವರ್ಷದಲ್ಲಿ ಒಂದು ದಿನಾನೂ ಬೇರೆಯವರ ಸುದ್ದಿ ಎತ್ತಿಲ್ಲ. ಅವತ್ತಿನ ದನಿ ನನ್ನ ಸುದ್ದೀನೇ ಎತ್ತಲಿಲ್ಲ. 'ಹಿಂದಿನ ಬಾಗಿಲಿಗೆ ಸರಪಳಿ ಹಾಕಿ, ಆಮೇಲೆ ಹಚ್ಚಿ' ಅಂತು. ಪೊಲೀಸರಿಗೆ ನಾನು ಅದನ್ನ ಹೇಳಿದಾಗ ಅವರಿನ್ನೂ ಬೂದಿ ಕೆದಕಿರಲಿಲ್ಲ. ಸರಪಳಿ ಸಿಕ್ಕಿದ್ದು ಆಮೇಲೆ."

ವಕೀಲ ಕೂತ. ನ್ಯಾಯಾಧೀಶರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಹಿಂದಿನ ಬೆಂಚಿನಲ್ಲಿ ಅಕ್ಕ ಬಿಕ್ಕುತ್ತಿದ್ದಳು. ಗೆದ್ದೆ. ನಾನು, ಇದೇ ತಲೆ ಇಟ್ಟುಕೊಂಡು, ಗೆದ್ದೆ!

ಮೇ 30
ತೀರ್ಪು ಬಂತು. ಮಾಲೀಕ ಜೈಲಿಗೆ. ಗೋಡೆಯ ಡ್ಯೂಟಿಯೂ ಮುಗಿಯಿತು. ಸಲ್ಯೂಟ್ ಹೊಡೆದು ಹೋದ. ಗೆದ್ದ ದಿನ ಯಾರಾದರೂ ಹೀಗೆ ಅಳುತ್ತಾರಾ?

ಮೇ 31
ಬೆಳಿಗ್ಗೆ ಕರೆಗಂಟೆ. ಗೋಡೆ! ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ವಾಕಿಟಾಕಿ ಇರಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ.

"ಈಗ ಡ್ಯೂಟಿ ಇಲ್ಲ. ಹೇಳಬಹುದು. ನನಗೂ ನಿಮ್ಮನ್ನ ಕಂಡ್ರೆ ತುಂಬಾ ಇಷ್ಟ."

ಹೊರಗಿನ ದನಿಯೇ. ಅನುಮಾನವೇ ಬೇಡ. ಅತ್ತೆ ತನ್ನ ಜನ್ಮದಲ್ಲಿ ಇಂಥ ಮಾತು ಆಡಿದವಳಲ್ಲ.

ಆದರೂ ಮುಖ ಗಂಭೀರ ಮಾಡಿಕೊಂಡು ಕೇಳಿದೆ, "ಈಗ ಏನೋ ಕೇಳಿಸ್ತು. ನಿಮಗೂ ಕೇಳಿಸ್ತಾ?"

ಕಿವಿಯವರೆಗೆ ಕೆಂಪಾದ. ಇನ್ನೊಂದು ಸಲ ಹೇಳಿದ, ಬಿಡಿಬಿಡಿಯಾಗಿ.

ಈಗ ಹೊರಗೆ ಅಕ್ಕ ಅವನ ವಿಚಾರಣೆ ನಡೆಸಿದ್ದಾಳೆ, ಪಾಪ. ಮೂರನೇ ಸಲವೂ ಹೇಳಿಸಬೇಕು... ಕರೆಯುತ್ತಿದ್ದಾನೆ. ಮೇಡಂ ಅಂತಲ್ಲ, ನನ್ನ ಹೆಸರು ಹಿಡಿದು —